ಇನ್ನೊಂದು ಕಥೆ ಕಳಿಸಿ

ಉಡುಪಿ
ಆಟಿ ತಿಂಗಳು, ಬಿಡದ ಮಳೆ

ಪ್ರೀತಿಯ ಮಗಾ,

ನಿನ್ನ ಅಮ್ಮನ ಮಂಡಿನೋವು, ಮಾಡಿನ ಹಂಚು ಎಲ್ಲ ಫೋನಿನಲ್ಲೇ ಆಗಿದೆ. ಬಿಡು. ನಿನ್ನ ಕಾಗದದಲ್ಲಿ ಒಂದು ಸಾಲು ಉಂಟಲ್ಲ, "ಬಹುಮಾನ ಬಂದ ಮೇಲೆ ಭಯ ಜಾಸ್ತಿಯಾಗಿದೆ ಮಾವ, ನಾನು ಬರಹಗಾರ್ತಿಯೇ ಅಲ್ಲ ಅಂತ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ" ಅಂತ. ಮೂರು ದಿನದಿಂದ ತಲೆಯಲ್ಲಿ ಅದೇ. ನಿನ್ನೆ ಪತ್ರೊಡೆಗೆ ಕೆಸುವಿನೆಲೆ ತರಲು ಹೋದವನು ರಥಬೀದಿಗೆ ಒಂದು ಸುತ್ತು ಹಾಕಿ ಬರೀ ಕೊಡೆ ಹಿಡಿದುಕೊಂಡು ವಾಪಸ್ ಬಂದೆ. ನಿನ್ನ ಅತ್ತೆ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನೀನು ಬರೆದ ಆ ಇಂಪೋಸ್ಟರ್ ಸಿಂಡ್ರೋಮ್ ಎಂತದ್ದು ಅಂತ ಹುಡುಕಿ ಓದಿದೆ. 1978ರಲ್ಲಿ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆ ಬರೆದರಂತೆ. ಓದಿ, ಒಳ್ಳೆಯ ಹೆಸರು ಮಾಡಿದ ಹೆಂಗಸರೇ ತಾವು ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ಅಂದುಕೊಳ್ಳುತ್ತಿದ್ದರಂತೆ. ಅವರು ಇಟ್ಟ ಹೆಸರು ಇಂಪೋಸ್ಟರ್ ಫಿನಾಮಿನನ್. ಸಿಂಡ್ರೋಮ್ ಅನ್ನುವುದು ಆಮೇಲೆ ಅಂಟಿಕೊಂಡದ್ದು. ಇದನ್ನೆಲ್ಲ ತಿಳಿದು ನಿನಗೆ ಸಮಾಧಾನ ಆಯ್ತಾ? ನನಗಂತೂ ಆಗಲಿಲ್ಲ.

ಯಾಕೆಂದರೆ ಆ ಸಾಲು ನನ್ನದೂ ಹೌದು. 26ನೇ ವಯಸ್ಸಿನಲ್ಲಿ ನನ್ನ ಒಂದು ಕಥೆ ಮಾಸಪತ್ರಿಕೆಯಲ್ಲಿ ಬಂದಿತ್ತು. ಸಂಪಾದಕರು ಕಾರ್ಡು ಬರೆದರು, "ಇನ್ನೊಂದು ಕಥೆ ಕಳಿಸಿ" ಅಂತ. ನಾನು ಉತ್ತರವನ್ನೇ ಬರೆಯಲಿಲ್ಲ. ಕಥೆ ನನ್ನ ಅಜ್ಜಿ ತುಳುವಿನಲ್ಲಿ ಹೇಳಿದ್ದು. ಬರೆದ ಕನ್ನಡವಾದರೂ ನನ್ನದಾ? ಅದು ಶಾಲೆಯಲ್ಲಿ ಕಲಿತದ್ದು. ನಮ್ಮ ಬ್ಯಾಂಕಿಗೆ ಘಟ್ಟದ ಮೇಲಿಂದ ಬಂದ ಒಬ್ಬರು, ನಿಮ್ಮದು ಪುಸ್ತಕದ ಕನ್ನಡ ಮಾರಾಯ್ರೇ, ಅಂತ ನಗುತ್ತಿದ್ದರು. ಕಥೆ ಅಜ್ಜಿಯದ್ದು, ಭಾಷೆ ಶಾಲೆಯದ್ದು. ಇನ್ನು ನನ್ನದೆಂತ ಉಂಟು, ಎರಡನೇ ಕಥೆಗೆ ಸಿಕ್ಕಿಬೀಳುತ್ತೇನೆ ಅನ್ನಿಸಿತು.

ಆ ಕಾರ್ಡು ಈಗಲೂ ಟ್ರಂಕಿನಲ್ಲಿದೆ. ಒಂದು ಮೂಲೆ ಜಿರಳೆಗೆ ಹೋಗಿದೆ, ಸಂಪಾದಕರ ಸಹಿ ಇದ್ದ ಮೂಲೆ. "ಇನ್ನೊಂದು ಕಥೆ" ಅನ್ನುವ ನೀಲಿ ಅಕ್ಷರ ಮಾತ್ರ ಹಾಗೇ ಇದೆ.

ನಂದಳಿಕೆಯ ಮುದ್ದಣನ ಬಗ್ಗೆ ನಿನಗೆ ಗೊತ್ತೇ ಉಂಟು. ಇದೇ ಉಡುಪಿಯಲ್ಲಿ ಹುಡುಗರಿಗೆ ಡ್ರಿಲ್ ಹೇಳಿಕೊಡುತ್ತಿದ್ದ ಮನುಷ್ಯ. ರಾಮಾಶ್ವಮೇಧವನ್ನು ತಾನೇ ಬರೆದು, ಯಾವುದೋ ಹಳೆಯ ಕವಿಯದ್ದು ಅಂತ ಮೈಸೂರಿಗೆ ಕಳಿಸಿದ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಬರೀ 31. ಬರೆದವನು ಅವನೇ ಅಂತ ಲೋಕಕ್ಕೆ ತಿಳಿದದ್ದು ಆಮೇಲೆ. ನಿನ್ನ ಸಾಲು ಓದಿದಾಗ ಅವನು ನೆನಪಾದ. ಹೆಸರು ಮುಚ್ಚಿಟ್ಟರೂ ಅವನು ಬರೆದ ಮಗಾ. ನಾನು ಹೆಸರನ್ನೂ ಮುಚ್ಚಿಟ್ಟೆ, ಪೆನ್ನನ್ನೂ ಮುಚ್ಚಿಟ್ಟೆ.

ಒಂದೇ ಒಂದು ಕಥೆ ಬರೆದವನು ಉಪದೇಶ ಮಾಡುವುದು ಚಂದ ಅಲ್ಲ. ಆದರೂ, ಯಾರಾದರೂ ಹೊಗಳಿದರೆ ಥ್ಯಾಂಕ್ಸ್ ಅಂದು ನಿಲ್ಲಿಸು. "ಅದು ಸುಮ್ನೆ ಬರೆದದ್ದು" ಅಂತ ಬಾಲ ಸೇರಿಸಬೇಡ. ನಾನು ಸೇರಿಸಿ ಸೇರಿಸಿ ಕೊನೆಗೆ ಎಲ್ಲರೂ ನಂಬಿದರು.

ಮತ್ತೆ, ನಿನ್ನ ಕಥೆಯಲ್ಲಿ ಆ ಮೀನು ಮಾರುವ ಹೆಂಗಸು "ಎಂತ ಸಾವು ಮಾರಾಯ್ತಿ" ಅನ್ನುತ್ತಾಳಲ್ಲ, ಅಲ್ಲಿ ನಾನು ಜೋರಾಗಿ ನಕ್ಕೆ. ಅದನ್ನು ಯಾರು ತಿದ್ದಿ ಅಂದರೂ ತಿದ್ದಬೇಡ. ಬಹುಮಾನದ ಸಭೆಗೆ ಮೊದಲೇ ಮುಂದಿನದ್ದು ಶುರು ಮಾಡಿದರೆ ಒಳ್ಳೆಯದೇನೋ. ಆಗ ಭಯ ಹೋಗುತ್ತದಾ ಅಂದರೆ ಗೊತ್ತಿಲ್ಲ. ನನ್ನದು ಬರೆಯದೆ ಕೂತರೂ ಹೋಗಲಿಲ್ಲ, ಅಷ್ಟು ಗೊತ್ತು.

ಕಾರ್ಡನ್ನು ಇದರ ಜೊತೆ ಇಡೋಣ ಅಂದುಕೊಂಡೆ. ಮನಸ್ಸು ಬರಲಿಲ್ಲ. ಬಂದಾಗ ತೋರಿಸುತ್ತೇನೆ.

ಮಳೆ ಸ್ವಲ್ಪ ಬಿಟ್ಟ ಹಾಗಿದೆ. ಇದನ್ನು ಪೋಸ್ಟಿಗೆ ಹಾಕಿ ಕೆಸುವಿನೆಲೆ ತರಬೇಕು.

ನಿನ್ನ
ಮಾವ