ಬೀಜದ ಪ್ಯಾಕೆಟ್ ಮೇಲೆ ತಾಯಿ ಲೈನಿನ ವಿಷಯಾನೂ ಹಾಕ್ಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕೃಷಿ ಪುಟದಲ್ಲಿ ಹೈಬ್ರಿಡ್ ಭತ್ತದ ಬಗ್ಗೆ ಬಂದಿದ್ದ ಲೇಖನ ಓದಿದೆ, ಗೊಬ್ಬರ ನೀರಿನ ವಿಚಾರ ಎಲ್ಲಾ ಚೆನ್ನಾಗೇ ಬರೆದಿದ್ರು, ಆದ್ರೆ ಬೀಜದ ವಿಷಯಕ್ಕೆ ಬಂದಾಗ ಅರ್ಧ ಗುಣ ತಂದೆಯದ್ದು ಅರ್ಧ ಗುಣ ತಾಯಿಯದ್ದು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ, ಅಲ್ಲೇ ನನ್ನ ತಕರಾರು. ನಮ್ಮಲ್ಲಿನ ಹೈಬ್ರಿಡ್ ಭತ್ತ ಬಹುಪಾಲು ನಿಂತಿರೋದೇ ಆ ಅರ್ಧ-ಅರ್ಧ ಲೆಕ್ಕಕ್ಕೆ ಸಿಗದೇ ಇರೋ ಜೀನುಗಳ ಮೇಲೆ.

ನ್ಯೂಕ್ಲಿಯಸ್, ಅಂದ್ರೆ ಜೀವಕೋಶದ ಕೇಂದ್ರದ ಒಳಗಿರೋ ಜೀನುಗಳಿಗೆ ಆ ಲೆಕ್ಕ ಸರಿ. ಆದ್ರೆ ಜೀವಕೋಶದಲ್ಲಿ ನ್ಯೂಕ್ಲಿಯಸ್ ಹೊರಗೂ ಜೀನ್ ಇವೆ, ಎಲೆ ಹಸಿರಾಗಿಡೋ ಕ್ಲೋರೋಪ್ಲಾಸ್ಟಲ್ಲಿ ಒಂದಿಷ್ಟು, ಉಸಿರಾಟದ ಕೆಲಸ ನೋಡ್ಕೊಳ್ಳೋ ಮೈಟೋಕಾಂಡ್ರಿಯಾದಲ್ಲಿ ಒಂದಿಷ್ಟು. ಇವು ಸಾಮಾನ್ಯವಾಗಿ ಪರಾಗದ ಜೊತೆ ದಾಟೋದಿಲ್ಲ, ತಾಯಿ ಗಿಡದಿಂದಲೇ ಬೀಜಕ್ಕೆ ಬರ್ತವೆ (ಎಲ್ಲಾ ಗಿಡದಲ್ಲೂ ಹೀಗೇ ಅಂತಲ್ಲ, ಪೈನ್ ಮರದಲ್ಲಿ ಕ್ಲೋರೋಪ್ಲಾಸ್ಟ್ ತಂದೆ ಕಡೆಯಿಂದ ಬರುತ್ತೆ). 1909ರಲ್ಲೇ ಜರ್ಮನಿಯ ಕಾರ್ಲ್ ಕೊರೆನ್ಸ್ ನಮ್ಮ ಹಿತ್ತಲಲ್ಲಿ ಬೆಳೆಯೋ ಸಂಜೆಮಲ್ಲಿಗೆಯಲ್ಲಿ ಇದನ್ನ ತೋರಿಸಿದ್ರು. ಹಸಿರು-ಬಿಳಿ ಮಚ್ಚೆ ಇರೋ ಗಿಡದಲ್ಲಿ ಬಿಳಿ ಕೊಂಬೆ ಹೂವಿಗೆ ಯಾವ ಗಿಡದ ಪರಾಗ ಹಾಕಿದ್ರೂ ಹುಟ್ಟೋ ಸಸಿ ಬಿಳೀನೇ, ಹಸಿರಿಲ್ಲದ ಸಸಿ ಬದುಕೋದೂ ಇಲ್ಲ ಅನ್ನಿ.

ಇನ್ನು ಭತ್ತಕ್ಕೆ ಬರ್ತೀನಿ. ನಮ್ಮ ಹೊಳೆನರಸೀಪುರದ ಕಡೆ ಹೇಮಾವತಿ ನಾಲೆ ಕೆಳಗೆ ನಾನೂ ಹೈಬ್ರಿಡ್ ಬೀಜೋತ್ಪಾದನೆ ಮಾಡಿದ್ದೀನಿ, ಅದಕ್ಕೇ ಇಷ್ಟು ಮಾತಾಡೋ ಧೈರ್ಯ. ಎರಡು ಸಾಲು ಗಂಡು, ಎಂಟು ಸಾಲು ಹೆಣ್ಣು ನಾಟಿ ಮಾಡ್ತೀವಿ, ಗಂಡು ತಳಿಗೆ ಆರ್ ಲೈನ್ ಹೆಣ್ಣು ತಳಿಗೆ ಎ ಲೈನ್ ಅಂತಾರೆ. ಹೂ ಬಿಟ್ಟಾಗ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಗದ್ದೆಗಿಳಿದು ಒಂದು ಹೂವು ಬಿಡಿಸಿ ನೋಡಿ, ಗಂಡು ಸಾಲಿನ ಪರಾಗಕೋಶ ಹಳದಿಯಾಗಿ ತುಂಬ್ಕೊಂಡಿರುತ್ತೆ, ಬೆರಳಿಗೆ ಪುಡಿ ಅಂಟುತ್ತೆ, ಹೆಣ್ಣು ಸಾಲಿಂದು ಬಿಳಚಿಕೊಂಡು ಮುದುಡಿ ಹೋಗಿರುತ್ತೆ, ಏನೂ ಅಂಟಲ್ಲ. ಅದಕ್ಕೇ ಈ ಬದುವಲ್ಲೊಬ್ಬರು ಆ ಬದುವಲ್ಲೊಬ್ಬರು ನಿಂತು ಹಗ್ಗ ಎಳೀತಾ ಹೋಗೋದು, ಗಂಡು ಸಾಲಿನ ಪರಾಗ ಹಾರಿ ಹೆಣ್ಣು ಸಾಲಿನ ಮೇಲೆ ಬೀಳ್ಲಿ ಅಂತ. ಎ ಲೈನಿನ ತೆನೆ ಪೂರ್ತಿ ಹೊರಗೂ ಬರಲ್ಲ, ಬುಡದ ಕಡೆ ಒಂದಿಷ್ಟು ಸೋಗೆಯೊಳಗೇ ಸಿಕ್ಕಿಕೊಂಡಿರುತ್ತೆ, ಅದಕ್ಕೆ ಜಿಬ್ಬರೆಲಿಕ್ ಆಸಿಡ್ ಅನ್ನೋ ಬೆಳವಣಿಗೆ ಹಾರ್ಮೋನ್ ಹೊಡೀಬೇಕು, ಅದರ ಖರ್ಚು ಬೇರೆ. ಪರಾಗ ಇಲ್ಲದಿರೋದು, ತೆನೆ ಸಿಕ್ಕಿಕೊಳ್ಳೋದು, ಈ ಎರಡೂ ಆ ನ್ಯೂಕ್ಲಿಯಸ್ ಹೊರಗಿನ ಜೀನುಗಳ ಕೆಲಸ.

ಅದರ ಮೂಲ ಕೇಳಿ. 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಭತ್ತದ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ಪರಾಗ ಇಲ್ಲದ ಒಂದು ಕಾಡು ಭತ್ತದ ಗಿಡ ಸಿಕ್ತು, ಅದರಿಂದ ಬಂದ ಸೈಟೋಪ್ಲಾಸಂಗೆ (ನ್ಯೂಕ್ಲಿಯಸ್ ಸುತ್ತ ಇರೋ ಜೀವಕೋಶದ ಭಾಗ, ಮೈಟೋಕಾಂಡ್ರಿಯಾ ಇರೋದು ಇದರಲ್ಲೇ) ಡಬ್ಲ್ಯೂಎ, ಅಂದ್ರೆ ವೈಲ್ಡ್ ಅಬಾರ್ಟಿವ್ ಅಂತ ಕರೀತಾರೆ. ಇದರ ಮೈಟೋಕಾಂಡ್ರಿಯಾದಲ್ಲಿರೋ ಡಬ್ಲ್ಯೂಎ352 ಅನ್ನೋ ಜೀನು ಪರಾಗ ಕಟ್ಟೋ ಹೊತ್ತಿಗೆ ಅದಕ್ಕೆ ಆಹಾರ ಕೊಡೋ ಕೋಶಗಳನ್ನ ಬೇಗನೇ ಸಾಯಿಸುತ್ತೆ ಅಂತ 2013ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದ್ರು. ಹಂಗಾದ್ರೆ ಹೈಬ್ರಿಡ್ ಪೈರಲ್ಲಿ ಕಾಳು ಹೆಂಗೆ ಕಟ್ಟುತ್ತೆ? ಆರ್ ಲೈನಿನ ನ್ಯೂಕ್ಲಿಯಸ್ಸಲ್ಲಿ ಅದನ್ನ ತಡೆಯೋ ಜೀನುಗಳಿವೆ, ಅವು ತಂದೆ ಕಡೆಯಿಂದ ಬಂದು ಪರಾಗ ಉಳಿಸ್ತವೆ. ನಾವು ಆ ಬೆಳೆಯ ಭತ್ತವನ್ನೇ ಬೀಜಕ್ಕೆ ಇಟ್ಕೊಂಡ್ರೆ ಮುಂದಿನ ಸಲ ಎಲ್ಲಾ ಪೈರಿಗೂ ಆ ತಾಯಿ ಮೈಟೋಕಾಂಡ್ರಿಯಾ ಸಿಗುತ್ತೆ, ಆದ್ರೆ ತಡೆಯೋ ಜೀನ್ ಎಲ್ಲಕ್ಕೂ ಸಿಗಲ್ಲ, ಸಿಗದೇ ಇರೋ ಪೈರಲ್ಲಿ ಜಳ್ಳು. ಕಂಪನಿಯೋರು ಏನೋ ಮದ್ದು ಬೆರೆಸಿರ್ತಾರೆ ಅಂತ ನಮ್ಮೂರಲ್ಲಿ ಈಗಲೂ ಹೇಳೋರಿದ್ದಾರೆ, ಮದ್ದೂ ಇಲ್ಲ ಮಾಟವೂ ಇಲ್ಲ. ಬೇರೆ ಗುಣಗಳೂ ಒಡೆದು ಚೆದುರಿ ಹೋಗ್ತವೆ, ಅದು ಗೊತ್ತಿರೋ ವಿಷಯಾನೇ.

ಈಗ ನಾನು ಈ ಪತ್ರ ಬರೆಯೋಕೆ ಕಾರಣ. ಅದೇ 1970ರಲ್ಲೇ ಅಮೆರಿಕದಲ್ಲಿ ಮುಸುಕಿನ ಜೋಳಕ್ಕೆ ಎಲೆ ಅಂಗಮಾರಿ ಬಂದು ಇಡೀ ದೇಶದ ಬೆಳೆಯಲ್ಲಿ ಸುಮಾರು 15 ಪರ್ಸೆಂಟ್ ಹೋಯ್ತು. ಹೆಣ್ಣು ಸಾಲಿನ ಸೂಲಂಗಿ (ಜೋಳದ ಗಂಡು ಹೂವು) ಕೀಳೋ ಕೂಲಿ ಉಳಿಯುತ್ತೆ ಅಂತ ಅಲ್ಲಿನ ಬೀಜದ ಕಂಪನಿಗಳು ಪರಾಗ ಕಟ್ಟಗೊಡದ ಟೆಕ್ಸಾಸ್ ಸೈಟೋಪ್ಲಾಸಂ ಅನ್ನೋ ಒಂದನ್ನೇ ಹೆಚ್ಚುಕಮ್ಮಿ ಎಲ್ಲಾ ಹೈಬ್ರಿಡ್ಡಿಗೂ ಹಾಕಿದ್ವು. ಪ್ಯಾಕೆಟ್ ಮೇಲೆ ಹೆಸರು ಹತ್ತಾರು, ಒಳಗೆ ಮೈಟೋಕಾಂಡ್ರಿಯಾ ಒಂದೇ. ಯಾವ ಜೀನು ಪರಾಗ ಕೆಡಿಸ್ತಿತ್ತೋ ಅದೇ ಜೀನು ಆ ಶಿಲೀಂಧ್ರದ ವಿಷಕ್ಕೆ ಬಾಗಿಲು ತೆಗೆದುಕೊಡ್ತಿತ್ತು. 1961ರಲ್ಲೇ ಫಿಲಿಪ್ಪೀನ್ಸಿಂದ ಈ ಸೈಟೋಪ್ಲಾಸಂ ಇರೋ ಜೋಳಕ್ಕೆ ರೋಗ ಜಾಸ್ತಿ ಅಂತ ವರದಿ ಬಂದಿತ್ತು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಕಂಪನಿಗಳು ವಾಪಸ್ ಕೂಲಿಯವರನ್ನ ಕರೆದು ಸೂಲಂಗಿ ಕೀಳಿಸಿದ್ವು.

ಡಬ್ಲ್ಯೂಎಗೂ ಅಂಥಾ ರೋಗ ಅಂಟಿಕೊಂಡಿದೆ ಅಂತ ನಾನು ಹೇಳ್ತಿಲ್ಲ, ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದ್ರೆ ನಮ್ಮ ದೇಶದ ಹೈಬ್ರಿಡ್ ಭತ್ತದಲ್ಲಿ ಬಹುಪಾಲು ಇದೊಂದರ ಮೇಲೇ ನಿಂತಿದೆ. ಮಂಡ್ಯದ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ 1996ರಲ್ಲಿ ಬಂದ ಕೆಆರ್‌ಎಚ್-2 ಅನ್ನೋ ಹೈಬ್ರಿಡ್ ಕೂಡ ಇದೇ, ಆದ್ರೆ ಅದರ ತಾಯಿ ಐಆರ್58025ಎ, ತಂದೆ ಕೆಎಂಆರ್-3 ಅಂತ ಯಾರು ಬೇಕಾದ್ರೂ ತಿಳ್ಕೊಬಹುದು, ಮುಚ್ಚುಮರೆ ಇಲ್ಲ. ಪ್ರೈವೇಟ್ ಬೀಜದಲ್ಲಿ ಆ ಮಾತೇ ಇಲ್ಲ. ನಾನು ಬೆಳೆದುಕೊಟ್ಟ ಬೀಜದ ಎ ಲೈನ್ ಯಾವುದು ಅಂತ ಕಂಪನಿ ಪರವಾಗಿ ಬೀಜ ಬೆಳೆಸೋ ಆರ್ಗನೈಸರ್ ಹತ್ರ ಕೇಳಿದ್ದಕ್ಕೆ ನಿಮಗೆ ಯಾಕ್ರೀ ಅದು, ತೂಕ ನೋಡ್ಕೊಳ್ಳಿ ಅಂದ್ರು!

ಪ್ಯಾಕೆಟ್ ಮೇಲೆ ಮೊಳಕೆ ಪರ್ಸೆಂಟ್, ಶುದ್ಧತೆ, ಟೆಸ್ಟ್ ಮಾಡಿದ ತಾರೀಖು ಎಲ್ಲಾ ಹಾಕ್ತಾರೆ, ಸೈಟೋಪ್ಲಾಸಂ ಯಾವುದು ಅಂತ ಇನ್ನೊಂದು ಸಾಲು ಹಾಕೋದಕ್ಕೆ ಏನು ಕಷ್ಟ? ಲೈನಿನ ಹೆಸರು ಅವರ ಗುಟ್ಟು ಅಂತಾದ್ರೆ ಅದು ಬೇಡ, ಡಬ್ಲ್ಯೂಎನಾ ಬೇರೆಯದಾ ಅಷ್ಟು ಸಾಕು. ಚೀನಾದಲ್ಲಿ ಬೋರೋ, ಹೊಂಗ್‌ಲಿಯನ್ ಅಂತ ಬೇರೆ ಸೈಟೋಪ್ಲಾಸಂಗಳನ್ನೂ ಬಳಸ್ತಾರೆ, ಅಂದ್ರೆ ದಾರಿ ಇಲ್ಲ ಅಂತೇನಿಲ್ಲ. ಕೃಷಿ ಇಲಾಖೆಯೋರು ಕಡೇಪಕ್ಷ ಜಿಲ್ಲೆಯಲ್ಲಿ ಮಾರಾಟ ಆಗೋ ಹೈಬ್ರಿಡ್‌ಗಳಲ್ಲಿ ಯಾವ ಸೈಟೋಪ್ಲಾಸಂ ಎಷ್ಟಿದೆ ಅಂತ ಪಟ್ಟಿ ಮಾಡಿ ರೈತ ಸಂಪರ್ಕ ಕೇಂದ್ರದಲ್ಲಿ ಅಂಟಿಸಲಿ, ನೀವೂ ಮುಂಗಾರಿಗೆ ಮುಂಚೆ ಅದನ್ನ ಪುಟದಲ್ಲಿ ಹಾಕಿ.

ಇಂತಿ,
ಹೊಳೆನರಸೀಪುರ ತಾಲ್ಲೂಕಿನ ಒಬ್ಬ ಭತ್ತದ ರೈತ