ಒಳಜೇಬು ಬಿಚ್ಚಿಸಿದವರಿಗೆ

ಹೋದ ತಿಂಗಳ ಕೊನೆಯ ದಿನ ಡಿಪೋದಲ್ಲಿ ಟಿಕೆಟ್ ಮಷೀನು, ಚೀಲ, ಟ್ರಿಪ್ಪಿನ ಲೆಕ್ಕ ಬರೆಯುವ ವೇಬಿಲ್ಲು ಎಲ್ಲ ಒಪ್ಪಿಸಿ ಮನೆಗೆ ಬಂದೆ. 29 ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಬೆಳಗಾವಿಯಿಂದ ಸವದತ್ತಿ, ಬೈಲಹೊಂಗಲ, ಗೋಕಾಕ ಕಡೆಗೇ ಜಾಸ್ತಿ ಓಡಾಡಿದ್ದು. ಅವತ್ತು ಗೆಳೆಯರು ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಡಬ್ಬಿ ಕುಂದಾ ಕೊಟ್ಟರು. ಮೈಕಿನಲ್ಲಿ ಒಬ್ಬರು "ಇವರ ಸರ್ವಿಸಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ" ಅಂದರು. ನಾನು ನೆಲ ನೋಡುತ್ತಾ ಕೂತಿದ್ದೆ. ನಾಚಿಕೆ ಸ್ವಭಾವ ಅಂದುಕೊಂಡರೇನೋ.

ಕಪ್ಪು ಚುಕ್ಕೆ ಇರಲಿಲ್ಲ, ನಿಜ. ಹಳದಿ ಚುಕ್ಕೆ ಇತ್ತು. ಅದನ್ನು ಹೇಳಿಕೊಂಡು, ಥ್ಯಾಂಕ್ಸ್ ಹೇಳಬೇಕಾದವರಿಗೆ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮಗಳ ಆಸ್ಪತ್ರೆ ಖರ್ಚಿಗೆ ಅಂತ ಟಿಕೆಟ್ ರೊಕ್ಕಕ್ಕೆ ಕೈ ಹಾಕಿದೆ ಅಂತ ಬರೆದರೆ ಓದುವವರಿಗೆ ಅಯ್ಯೋ ಅನಿಸುತ್ತದೆ. ಆದರೆ ಅದು ಸುಳ್ಳು. ನನ್ನದು ಶುರುವಾಗಿದ್ದು ಮಿರ್ಚಿ ಭಜಿಯಿಂದ. ಮುಂದಿನ ಸ್ಟಾಪಿಗೆ ಇಳಿಯುವವರು ನಾಣ್ಯ ಕೈಗಿಟ್ಟು "ಟಿಕೆಟ್ ಇರ್ಲಿ ಬಿಡ್ರಿ" ಅಂತ ಇಳಿದು ಹೋಗುತ್ತಾರೆ. ಆ ದುಡ್ಡನ್ನು ಚೀಲಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ, ಜೇಬಿಗೆ ಹಾಕಿದರೆ ಲೆಕ್ಕ ಸರಿ ಬರುತ್ತದೆ. ವಿಚಿತ್ರ ಅಲ್ವಾ? ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಭಜಿ, ಒಂದು ಚಹಾ. ಯಾರ ಗಂಟು ಹೋಯಿತು ಅಂದುಕೊಂಡೆ. ಆಮೇಲೆ ನಾನೇ ಟಿಕೆಟ್ ಹರಿಯಲು ತಡ ಮಾಡಲು ಕಲಿತೆ.

ಡ್ಯೂಟಿ ಹತ್ತುವಾಗ ಸ್ವಂತ ರೊಕ್ಕ ಎಷ್ಟಿದೆ ಅಂತ ವೇಬಿಲ್ಲಿನಲ್ಲಿ ಬರೆಸಬೇಕು. ಚೆಕಿಂಗಿನವರು ಬಂದರೆ ಚೀಲದ್ದು, ಜೇಬಿನದ್ದು ಎರಡನ್ನೂ ಎಣಿಸುತ್ತಾರೆ. ಅದಕ್ಕೇ ಖಾಕಿ ಅಂಗಿಯ ಒಳಗಡೆ, ಎಡ ಪಕ್ಕೆಯ ಹತ್ತಿರ, ಇನ್ನೊಂದು ಜೇಬು ಹೊಲಿಸಿದೆ. "ಜಾತ್ರಿ ಗಾಡ್ಯಾಗ ಕಳ್ಳರ ಕಾಟ ಭಾಳ ಐತಿ" ಅಂತ ಟೇಲರನಿಗೆ ಹೇಳಿದ್ದೆ. ಹೇಳಿದ್ದು ಕಳ್ಳನೇ.

ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ. ರಜೆ ಇದ್ದ ಭಾನುವಾರ ನಾನು ಚರ್ಚಿನ ಸಭೆ ತಪ್ಪಿಸಿದವನಲ್ಲ. ಕರ್ತನು ಕಲಿಸಿದ ಪ್ರಾರ್ಥನೆ ಎಲ್ಲರ ಹಾಗೆ ನನಗೂ ಬಾಯಿಪಾಠ. ಅದರಲ್ಲಿ "ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ತಪ್ಪಿಸು" ಅಂತ ಬರುತ್ತದೆ. ಪಾಪದ ಕಡೆಗೆ ಎಳೆಯುವುದಕ್ಕೆ ನಮ್ಮ ಬೈಬಲ್ಲಿನಲ್ಲಿ ಶೋಧನೆ ಅನ್ನುತ್ತಾರೆ. ನಾನು ಮಾತ್ರ ಬೆಳಿಗ್ಗೆ ಬಸ್ಸಿನ ಮೆಟ್ಟಿಲು ಹತ್ತುವಾಗ ಚೆಕಿಂಗ್ ಸ್ಕ್ವಾಡನ್ನು ನೆನೆಸಿಕೊಂಡು ಆ ಸಾಲು ಹೇಳುತ್ತಿದ್ದೆ. ಕರ್ತನೇ, ಇವತ್ತು ಶೋಧನೆ ಬೇಡ. ನಗಬೇಡಿ, ಭಕ್ತಿಯಿಂದಲೇ ಹೇಳುತ್ತಿದ್ದೆ. ಎಷ್ಟೋ ವರ್ಷ ಆ ಪ್ರಾರ್ಥನೆ ಫಲಿಸಿದ ಹಾಗೂ ಇತ್ತು.

ಆಮೇಲೆ ಒಂದು ಭಾರತ ಹುಣ್ಣಿಮೆ ಬಂತು. ಯಲ್ಲಮ್ಮನ ಗುಡ್ಡದ ಜಾತ್ರೆ ಗಾಡಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೀಟಿಗಿಂತ ದುಪ್ಪಟ್ಟು ಜನ. ದೇವಿಯ ಪಡ್ಲಿಗೆ ಬುಟ್ಟಿ, ಬುತ್ತಿ ಗಂಟು, ಕಂಕುಳಲ್ಲಿ ಕೂಸು, "ಉಧೋ ಉಧೋ" ಕೂಗು. ಎಲ್ಲರ ಹಣೆ, ಕೈ, ಸೀರೆಯ ಮೇಲೆ ಭಂಡಾರ, ಅಂದರೆ ಅರಿಶಿನ ಪುಡಿ. ನೋಟೆಲ್ಲ ಹಳದಿ. ಅಂಥ ಗದ್ದಲದಲ್ಲಿ ಯಾರಿಗೆ ಟಿಕೆಟ್ ಕೊಟ್ಟೆ, ಯಾರಿಗೆ ಬಿಟ್ಟೆ ಅಂತ ಯಾರು ನೋಡುತ್ತಾರೆ? ಒಬ್ಬರು ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಡಿಕೆ ಮಾಡಿದ ನೋಟು ಕೊಟ್ಟರು. "ಕೊಡ್ತೇನಿ ತಡೀರಿ" ಅಂತ ಮುಂದೆ ಹೋದೆ. ನೋಟು ಒಳಜೇಬಿಗೆ ಹೋಯಿತು.

ಯರಗಟ್ಟಿ ದಾಟಿದ ಮೇಲೆ ಸ್ಕ್ವಾಡಿನವರು ಕೈ ಅಡ್ಡ ಮಾಡಿದರು. ಅಜ್ಜಿಯ ಹತ್ತಿರ ಟಿಕೆಟ್ ಕೇಳಿದರು. ನಾನು ಮೂರು ಸೀಟು ಆಚೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಜ್ಜಿ ನನ್ನ ಕಡೆ ಒಂದು ಸಲ ನೋಡಿದರು. "ಕಂಡಕ್ಟರ್ ಕೊಟ್ಟಾರ್ರಿ ಸಾಹೇಬ್ರ. ನಾನ ಎಲ್ಲೋ ಕೆಡವೀನಿ" ಅಂದರು. ಮತ್ತೆ ಗಂಟು ಬಿಚ್ಚಿದರು. ದಂಡ ಕಟ್ಟಿದರು. ಸುತ್ತ ಇದ್ದವರು "ಏನಬೇ ಮುದುಕಿ, ಒಂದ್ ಟಿಕೆಟ್ ಇಟ್ಕೊಳ್ಳಾಕ ಆಗೂದಿಲ್ಲೇನು" ಅಂತ ನಕ್ಕರು. ಅದನ್ನೂ ಕೇಳಿಸಿಕೊಂಡು ಸುಮ್ನೆ ಕೂತರು.

ಇಳಿಯುವಾಗ ಕೈ ಹಿಡಿದು ಇಳಿಸಿದೆ. ಆಗ ಮೆತ್ತಗೆ ಅಂದರು: "ಮಕ್ಕಳುಳ್ಳಾಂವ ಅದಿಯಪ್ಪಾ. ಹುಷಾರಿರು."

ಅವರಿಗೆ ಎಲ್ಲ ಗೊತ್ತಿತ್ತು. ಆ ದಿನ ಅವರು ಒಂದು ಮಾತು ಬೇರೆ ಆಡಿದ್ದರೆ ನನ್ನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಅರ್ಹತೆ ಇಲ್ಲದವನಿಗೆ ಸಿಗುವುದು ಕೃಪೆ ಅಂತ ಪೀಠದಿಂದ ಎಷ್ಟು ಸಲ ಕೇಳಿದ್ದೆನೋ. ಕಣ್ಣಾರೆ ನೋಡಿದ್ದು ಅವತ್ತು, ಹಣೆ ತುಂಬ ಭಂಡಾರ ಹಚ್ಚಿಕೊಂಡ ಅಜ್ಜಿಯ ಮುಖದಲ್ಲಿ. ನಮ್ಮ ಸಭೆಯ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೆ ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡವನು, ಯೆಹೂದ್ಯರು ಹೊರಗಿನವನು ಅಂತ ದೂರ ಇಟ್ಟಿದ್ದ ಸಮಾರ್ಯದವನು ಅಂತ ಹೇಳಿದ್ದು ಯೇಸುಸ್ವಾಮಿಯೇ. ಹೆಸರು ಗೊತ್ತಿಲ್ಲದ ಆ ಅಜ್ಜಿಗೆ ಮೊದಲ ಥ್ಯಾಂಕ್ಸ್.

ಎರಡನೆಯದು ನಮ್ಮಾಕಿಗೆ, ಅಂದರೆ ನನ್ನ ಹೆಂಡತಿಗೆ. ನಮ್ಮ ಮನೆಯಲ್ಲಿ ಬೈಬಲ್ ವಚನದ ಕ್ಯಾಲೆಂಡರಿನ ಮೊಳೆಗೇ ನಾನು ಅಂಗಿ ತಗುಲಿಹಾಕುತ್ತಿದ್ದೆ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ವಚನ ಇಡೀ ವರ್ಷ ಖಾಕಿ ಅಂಗಿಯ ಹಿಂದೆಯೇ ಇತ್ತು. ಜಾತ್ರೆಯ ಮಾರನೇ ದಿನ ಅವಳು ಒಗೆಯಲು ಅಂಗಿ ತೆಗೆದರೆ ಒಳಜೇಬಿನ ಬಟ್ಟೆ ಹಳದಿ. ಮೂಲೆಯಲ್ಲಿ ಒಂದು ನೋಟು ಅಂಟಿಕೊಂಡಿತ್ತು. ಅದನ್ನು ತಂದು ನನ್ನ ಮುಂದೆ ಹಿಡಿದಳು. "ಇದು ನಮ್ಮ ರೊಕ್ಕ ಏನ್ರಿ?" ಅಂದಳು. ಅಷ್ಟೇ ಕೇಳಿದ್ದು. ನಾನು ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬ್ಲೇಡು ತಂದು ಜೇಬಿನ ಹೊಲಿಗೆ ಬಿಚ್ಚಿದಳು. ಒಂದೊಂದೇ ದಾರ ಎಳೆಯುವ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಡಿಪೋಗೆ ಹೋಗಿ ತಪ್ಪು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ನಿವೃತ್ತಿ ಆದ ಮೇಲೆ ಬರೆಯುತ್ತಿರುವುದು ಎಂಥ ಧೈರ್ಯ ಅನ್ನುವುದೂ ನನಗೆ ಗೊತ್ತು. ನಮ್ಮ ಪಾಸ್ಟರ್ ಹತ್ತಿರ ಹೋದೆ. ಅವರು ಉಪದೇಶ ಮಾಡಲಿಲ್ಲ. "ನಾಳೆ ಡ್ಯೂಟಿ ಎಷ್ಟು ಗಂಟೆಗೆ?" ಅಂತ ಕೇಳಿದರು. ಐದೂವರೆಗೆ ಅಂದೆ. ಮಾರನೇ ದಿನ ಐದೂ ಹದಿನೈದಕ್ಕೆ ಫೋನ್ ಬಂತು. ನಿದ್ದೆಗಣ್ಣಿನ ದನಿಯಲ್ಲಿ ಎರಡು ನಿಮಿಷ ಪ್ರಾರ್ಥನೆ ಮಾಡಿ ಇಟ್ಟುಬಿಟ್ಟರು. ಹೀಗೆ ಒಂದು ವರ್ಷಕ್ಕೂ ಜಾಸ್ತಿ ಮಾಡಿದರು. ನನ್ನ ಡ್ಯೂಟಿ ಬದಲಾದರೆ ಅವರ ಅಲಾರಾಂ ಕೂಡ ಬದಲಾಗುತ್ತಿತ್ತು.

ಸಭೆಯಲ್ಲಿ ಸಾಕ್ಷಿ ಹೇಳುವಾಗ, ಅಂದರೆ ದೇವರು ತಮ್ಮನ್ನು ಹೇಗೆ ಬದಲಾಯಿಸಿದ ಅಂತ ಹೇಳುವಾಗ, ಎಲ್ಲರೂ ಒಂದೇ ದಿನದಲ್ಲಿ ಬಿಟ್ಟೆ ಅನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಮೂರನೇ ತಿಂಗಳಿಗೆ ಮತ್ತೆ ಜಾರಿದೆ, ಅದೂ ಎರಡು ಸಲ. ಜೇಬು ಇರಲಿಲ್ಲ ಅಂತ ಸಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ಸಂಜೆ ಪಾಸ್ಟರ್ ಹತ್ತಿರ ಹೋಗಿ ಇನ್ನು ಫೋನ್ ಮಾಡಬೇಡಿ, ನನ್ನಿಂದ ಆಗಲ್ಲ ಅಂದೆ. ಅವರು ಮನ್ನದ ಕಥೆ ತೆಗೆದರು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಬಿದ್ದ ಆಹಾರ. ಆಯಾ ದಿನದ್ದು ಆಯಾ ದಿನವೇ ಕೂಡಿಸಿಕೊಳ್ಳಬೇಕು, ಮರುದಿನಕ್ಕೆ ಇಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ತು ಅನ್ನುವ ವಿಶ್ರಾಂತಿ ದಿನದ ಹಿಂದಿನ ದಿನ ಮಾತ್ರ ಎರಡು ದಿನದ್ದು ಸಿಗುತ್ತಿತ್ತು. "ನಿನ್ನಿ ಕೃಪಾ ನಿನ್ನೀಗೆ ಆತು. ನಾಳೆ ಮತ್ತ ಕೇಳೂಣು" ಅಂದರು. ನನ್ನ ಕಂಡಕ್ಟರ್ ತಲೆಗೆ ಅದು ಬೇರೆ ಥರ ಹೊಕ್ಕಿತು. ದೇವರು ಮಂತ್ಲಿ ಪಾಸ್ ಕೊಡುವುದಿಲ್ಲ, ಡೇಲಿ ಪಾಸ್ ಕೊಡುತ್ತಾನೆ. ಬೆಳಿಗ್ಗೆ ಕೌಂಟರಿಗೆ ಹೋಗಲೇಬೇಕು.

ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನು, ಶೋಧನೆ ಬಂದಾಗ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಇಟ್ಟಿರುತ್ತಾನೆ ಅನ್ನುತ್ತಾನೆ. ನನಗೆ ಸಿಕ್ಕ ದಾರಿ ಬಹಳ ಸಾದಾ. ಮೊದಲು ಟಿಕೆಟ್, ಆಮೇಲೆ ರೊಕ್ಕ. ಕೈ ಖಾಲಿ ಇರುವಾಗಲೇ ಟಿಕೆಟ್ ಕೊಟ್ಟುಬಿಡುವುದು. ಕೆಲವರು ಟಿಕೆಟ್ ತಗೊಂಡು ದುಡ್ಡು ಕೊಡದೆ ಇಳಿದು ಹೋದರು, ಅದನ್ನು ನಾನೇ ತುಂಬಿದೆ. ತುಂಬುವಾಗ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಳೆಯ ಸಾಲವೂ ಇತ್ತಲ್ಲ. ನಾನು, ನಮ್ಮಾಕಿ ಇಬ್ಬರೂ ಕೂತು ಅಂದಾಜು ಹಾಕಿದಾಗ 38,000 ರೂಪಾಯಿ ಆಯಿತು. ಯಾರಿಗಂತ ಹಿಂದಕ್ಕೆ ಕೊಡುವುದು? ದುಡ್ಡು ಕಡಿಮೆ ಬಿದ್ದ ಮುದುಕರಿಗೆ, ಪಾಸ್ ಮರೆತು ಬಂದ ಹುಡುಗರಿಗೆ ನನ್ನ ರೊಕ್ಕದಿಂದ ಟಿಕೆಟ್ ಹರಿದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಆರು ವರ್ಷ ಹಿಡಿಯಿತು. ಬೈಬಲ್ಲಿನಲ್ಲಿ ಸುಂಕದವನಾದ ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನನ್ನ ಸಂಬಳಕ್ಕೆ ಒಂದರಷ್ಟೇ ಆಗಿದ್ದು.

ಬಹಳ ವರ್ಷ ನನ್ನ ಜೊತೆ ಗಾಡಿ ಓಡಿಸಿದ ಡ್ರೈವರ್ ಭಾವನಿಗೂ ಥ್ಯಾಂಕ್ಸ್. ಅವರು ಪ್ರತಿ ಶುಕ್ರವಾರ ನಮಾಜಿಗೆ ಹೋಗುವವರು. ನನ್ನ ಕಥೆ ಅವರಿಗೆ ಹೇಳಿದ್ದೆ. ನಾನು ಯಾರ ಹತ್ತಿರವಾದರೂ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಕನ್ನಡಿಯಲ್ಲಿ ನೋಡಿ ಕೆಮ್ಮುತ್ತಿದ್ದರು. ಒಮ್ಮೊಮ್ಮೆ ನಿಜವಾದ ಕೆಮ್ಮೇ ಬಂದಿರುತ್ತಿತ್ತು. ಆಗಲೂ ನನ್ನ ಕೈ ಮಷೀನಿನ ಬಟನ್ ಒತ್ತುತ್ತಿತ್ತು.

ಕೊನೆಯ ವರ್ಷಗಳಲ್ಲಿ ಕೆಲಸ ಹಗುರಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆಲ್ಲ ಶೂನ್ಯ ಟಿಕೆಟ್. ಗಂಡಸರು ಫೋನಿನಲ್ಲಿ ಸ್ಕ್ಯಾನ್ ಮಾಡಲು ಶುರು ಮಾಡಿದರು. ರೊಕ್ಕ ಕೈಗೆ ಬರುವುದೇ ಕಡಿಮೆ. ನನ್ನ ಅರ್ಧ ಶೋಧನೆಯನ್ನು ಸರ್ಕಾರವೇ ತೆಗೆದುಹಾಕಿತು ಅಂತ ಮನೆಯಲ್ಲಿ ನಗುತ್ತಿದ್ದೆವು. ಆದರೆ ಜನ ಜಾಸ್ತಿಯಾಗಿ ನಾಲಿಗೆ ಹರಿತವಾಯಿತು. ಆಧಾರ್ ಕಾರ್ಡ್ ಹುಡುಕಲು ಹೊತ್ತು ಮಾಡಿದ ತಾಯಂದಿರ ಮೇಲೆ ರೇಗಿದ್ದೇನೆ. ಹಾಗೆ ಬೈಸಿಕೊಂಡವರು ಯಾರಾದರೂ ಓದುತ್ತಿದ್ದರೆ, ತಪ್ಪಾಯಿತು.

ಕೊನೆಯ ದಿನದ ಮಾತು ಹೇಳಿಬಿಡುತ್ತೇನೆ. ರೊಕ್ಕ ಕಟ್ಟುವಾಗ ಕ್ಯಾಶ್ ಕೌಂಟರಿನಲ್ಲಿ ಹತ್ತು ರೂಪಾಯಿ ಜಾಸ್ತಿ ಬಂತು. ಬೆಳಗಿನ ಗಾಡಿಯಲ್ಲಿ ಯಾರದೋ ಟಿಕೆಟಿನ ಹಿಂದೆ ಹತ್ತು ಅಂತ ಬರೆದುಕೊಟ್ಟಿದ್ದೆ, ಅವರು ಚಿಲ್ಲರೆ ಮರೆತು ಇಳಿದಿದ್ದರು. "ಇಟ್ಕೋರಿ ಮಾಮಾ, ಇವತ್ತ ಕಡೀ ದಿನ. ಚಹಾಕ್ಕಾತು" ಅಂದ ಕೌಂಟರಿನ ಹುಡುಗ. ನಿಜ ಹೇಳುತ್ತೇನೆ, ಕೈ ಮುಂದೆ ಹೋಯಿತು. 29 ವರ್ಷ ಆದ ಮೇಲೂ, ಇಷ್ಟೆಲ್ಲ ಆದ ಮೇಲೂ, ಹತ್ತು ರೂಪಾಯಿಗೆ. ಬೆಳಿಗ್ಗೆ ಕೇಳಿಕೊಂಡಿದ್ದ ಕೃಪೆ ಸಂಜೆಯವರೆಗೆ ಸಾಕಾಯಿತು ಅನ್ನಿ, ಕೈ ಹಿಂದಕ್ಕೆ ಬಂತು. ಹೆಚ್ಚುವರಿ ಅಂತ ಬರೆಸಿ ಕಟ್ಟಿಬಿಟ್ಟೆ.

ಆ ಹತ್ತು ರೂಪಾಯಿ ಬರಬೇಕಾದವರು ನೀವಾಗಿದ್ದರೆ ಮನೆಗೆ ಬನ್ನಿ. ನನ್ನ ಜೇಬಿನಿಂದ ಕೊಡುತ್ತೇನೆ. ನಮ್ಮಾಕಿ ಚಹಾನೂ ಮಾಡುತ್ತಾಳೆ, ಕುಂದಾ ಇನ್ನೂ ಸ್ವಲ್ಪ ಉಳಿದಿದೆ.