ಬಿ.ಇ.ಗೆ ಒಂದು ಅಳತೆ, ಬಿ.ಕಾಂ.ಗೆ ಇನ್ನೊಂದೇ?

ಮಾನ್ಯ ಸಂಪಾದಕರೇ,

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು ನಡುವಯಸ್ಸಿನಲ್ಲಿ ಪದವಿ ಪಡೆಯಲು ಹೊರಟಾಗ ಎದುರಾಗುವ ಒಂದು ವಿಚಿತ್ರ ಲೆಕ್ಕವನ್ನು ತಮ್ಮ ಪತ್ರಿಕೆಯ ಮೂಲಕ ಉನ್ನತ ಶಿಕ್ಷಣ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ನಾನು ಎಸ್ಸೆಸ್ಸೆಲ್ಸಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಮೆಕ್ಯಾನಿಕಲ್ ಓದಿ 2003ರಲ್ಲಿ ತೇರ್ಗಡೆಯಾದವನು. ಅಂದಿನಿಂದ ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿದ್ದು, ಈಗ ಮಶೀನ್ ಶಾಪ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಪ್ರತಿ ವರ್ಷ ಟ್ರೈನಿಗಳಾಗಿ ಬರುವ ಬಿ.ಇ. ಓದಿದ ಹುಡುಗರಿಗೆ, ಮೈಕ್ರೋಮೀಟರನ್ನು ಬಿಗಿಯಾಗಿ ತಿರುಗಿಸದೆ ರ‍್ಯಾಚೆಟ್ ಕಟಕಟ ಎಂದೊಡನೆ ಕೈಬಿಡಬೇಕು, ಆಗಷ್ಟೇ ಮಶೀನಿನಿಂದ ಇಳಿದ ಬಿಸಿ ಜಾಬ್ (ತಯಾರಾದ ಬಿಡಿಭಾಗ) ಅಳೆದರೆ ಹತ್ತು ಮೈಕ್ರಾನ್ ಹೆಚ್ಚು ತೋರಿಸಿ ಮೋಸ ಮಾಡುತ್ತದೆ ಎಂದು ಹೇಳಿಕೊಡುವವನು ನಾನೇ. ಎರಡು ಮೂರು ವರ್ಷಗಳಲ್ಲಿ ಅವರೇ ನನ್ನ ಮೇಲಧಿಕಾರಿಗಳಾಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಹುದ್ದೆಗೆ ಪದವಿ ಬೇಕೆಂಬ ನಿಯಮವಿದೆ, ನನ್ನ ಬಳಿ ಪದವಿ ಇಲ್ಲ.

ಹಾಗಾದರೆ ಬಿ.ಇ. ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಡಿಪ್ಲೊಮಾದವರಿಗಿರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ದಾರಿ ಇರುವುದು ನಿಜ, ಆದರೆ ಅದು ಬಹುಮಟ್ಟಿಗೆ ಹಗಲು ಕಾಲೇಜಿನ ದಾರಿ. ಅನುಮೋದನೆಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಗತಿ ಏನಾಯಿತೆಂಬುದು, ಅವು ಹಾಗೆಯೇ ಮಾನ್ಯವಲ್ಲ ಎಂದ ಸುಪ್ರೀಂ ಕೋರ್ಟಿನ 2017ರ ತೀರ್ಪಿನಿಂದ ಎಲ್ಲರಿಗೂ ಗೊತ್ತಿದೆ. ಲೇತ್ ಮುಟ್ಟದವನು ಅಂಚೆಯಲ್ಲಿ ಎಂಜಿನಿಯರ್ ಆಗುವುದು ನನಗೂ ಒಪ್ಪಿಗೆಯಾಗುವ ಮಾತಲ್ಲ. ನಮ್ಮ ಹಿರಿಯರು ಹಿಡಿಯುತ್ತಿದ್ದ ಎಎಂಐಇ (ಎಂಜಿನಿಯರುಗಳ ಸಂಸ್ಥೆ ನಡೆಸುವ ಸದಸ್ಯತ್ವ ಪರೀಕ್ಷೆ) ದಾರಿಯೂ 2013ರ ಮೇ ಕೊನೆಯ ನಂತರ ನೋಂದಾಯಿಸಿದವರಿಗೆ ಪದವಿಯ ಸಮಾನತೆ ಕೊಡುವುದಿಲ್ಲ. ಉದ್ಯೋಗಸ್ಥರಿಗೆಂದೇ 2023-24ರಿಂದ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಅನುಕೂಲಕರ ವೇಳೆಯ ತರಗತಿಗಳಿಗೆ ಅವಕಾಶ ಕೊಟ್ಟಿದೆ ಎನ್ನುವುದು ಸಂತೋಷದ ಸಂಗತಿಯೇ. ಆದರೆ ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನದ ಪಾಳಿ, ಅದರ ಮುಂದಿನ ವಾರ ರಾತ್ರಿ ಪಾಳಿ ಎಂದು ತಿರುಗುವವನಿಗೆ ಸಂಜೆ ಆರರ ತರಗತಿ ತಿಂಗಳಿಗೆ ಎಷ್ಟು ದಿನ ಸಿಕ್ಕೀತು? ಈ ವೇಳೆ ಅನುಕೂಲವಾಗುವುದು ಆಫೀಸಿನಲ್ಲಿ ಕೂರುವವರಿಗೆ.

ಹೀಗಾಗಿ, ಕಂಪನಿಯ ನಿಯಮ ಯಾವುದಾದರೂ ಪದವಿ ಎಂದಷ್ಟೇ ಹೇಳುವುದರಿಂದ, ನಾನು ದೂರಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿದೆ. ಉತ್ಪಾದನಾ ವೆಚ್ಚದ (ಕಾಸ್ಟಿಂಗ್) ಲೆಕ್ಕ ದಿನವೂ ಕೈಗೆ ಬರುವುದರಿಂದ ವಿಷಯ ಹಿಡಿಸಿತು. ಅಲ್ಲಿಯೇ ನನಗೆ ಈ ವಿಚಿತ್ರ ಲೆಕ್ಕ ಎದುರಾದದ್ದು. ನನ್ನ ಇದೇ ಅಂಕಪಟ್ಟಿಯನ್ನು ಬಿ.ಇ. ಪ್ರವೇಶದಲ್ಲಿ ತೋರಿಸಿದರೆ ಅದು ಪಿಯುಸಿಗೂ ಸಮ, ಪದವಿಯ ಮೊದಲ ವರ್ಷಕ್ಕೂ ಸಮ. ಬಿ.ಕಾಂ. ಪ್ರವೇಶದ ಕೌಂಟರಿನಲ್ಲಿ ತೋರಿಸಿದರೆ ಬರೀ ಪಿಯುಸಿಗೆ ಸಮ. ಆರು ಸೆಮಿಸ್ಟರುಗಳಲ್ಲಿ ಓದಿದ ಗಣಿತ, ಇಂಗ್ಲಿಷ್, ಕಂಪ್ಯೂಟರ್ ಎಲ್ಲವೂ ಲೆಕ್ಕದಿಂದ ಹೊರಗೆ. ಪಿಯುಸಿ ಓದಿದವನಿಗಿಂತ ಒಂದು ವರ್ಷ ಹೆಚ್ಚು ಓದಿದ್ದೇ ದಂಡವಾಯಿತೇನೋ ಎಂದು ಒಂದೊಮ್ಮೆ ಅನ್ನಿಸಿದ್ದುಂಟು.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ವರ್ಷದಲ್ಲಿ ಕಂಪ್ಯೂಟರ್ ಪರಿಚಯದ ಒಂದು ಕಡ್ಡಾಯ ಪತ್ರಿಕೆಯಿತ್ತು. ಮೌಸ್ ಎಂದರೇನು, ಇನ್‌ಪುಟ್ ಸಾಧನಗಳನ್ನು ಚಿತ್ರಸಹಿತ ವಿವರಿಸಿ ಎಂಬ ಪ್ರಶ್ನೆಗೆ ಉತ್ತರ ಬರೆದು ಬಂದ ರಾತ್ರಿಯೇ ಪಾಳಿಗೆ ಹೋಗಿ, ಒಂದು ಹೊಸ ಜಾಬಿಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಶೀನಿನ) ಪ್ರೋಗ್ರಾಂ ಬರೆದು, ಮೊದಲ ಪೀಸ್ ತೆಗೆದು ಇನ್ಸ್‌ಪೆಕ್ಷನ್‌ಗೆ ಕಳುಹಿಸಿದೆ. ಆ ಪತ್ರಿಕೆಯ ಅಸೈನ್‌ಮೆಂಟ್‌ಗಾಗಿ ಮೌಸಿನ ಚಿತ್ರವನ್ನು ಸ್ಕೆಚ್ ಪೆನ್ನಿನಲ್ಲಿ ಬಿಡಿಸುತ್ತಿದ್ದಾಗ ಮಗಳು ನಕ್ಕಿದ್ದನ್ನು ಇಲ್ಲಿ ಬರೆಯಬಾರದೇನೋ.

ಕಲಿತದ್ದನ್ನು ಕ್ರೆಡಿಟ್ ಆಗಿ ಜಮಾ ಮಾಡುವ ವ್ಯವಸ್ಥೆ ದೇಶದಲ್ಲಿ ಇಲ್ಲವೆಂದಲ್ಲ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲೇ ಬಂದಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವೃತ್ತಿ ತರಬೇತಿಗೂ ಕೆಲಸದ ಅನುಭವಕ್ಕೂ ಕ್ರೆಡಿಟ್ ಕೊಡಬಹುದು ಎನ್ನುತ್ತದೆ. ಆದರೆ ಬ್ಯಾಂಕಿನಲ್ಲಿರುವ ಕ್ರೆಡಿಟ್‌ಗಳ ಗರಿಷ್ಠ ಆಯುಷ್ಯ 7 ವರ್ಷ. ಇಪ್ಪತ್ತು ವರ್ಷ ಹಿಂದೆ ಪಾಲಿಟೆಕ್ನಿಕ್ ಬಿಟ್ಟ ನಮ್ಮಂಥವರಿಗೆ ಅಲ್ಲಿ ಖಾತೆಯೂ ಇಲ್ಲ, ಜಮೆಯೂ ಇಲ್ಲ. ಹಳೆಯ ಪಾಠ ಮರೆತುಹೋಗಿರುತ್ತದೆ ಎಂಬುದು ಇದರ ಹಿಂದಿನ ತರ್ಕವಿರಬಹುದು. ದಿನವೂ ಬಳಸುವ ವಿದ್ಯೆಗೆ ಆ ತರ್ಕ ಹೊಂದುವುದಿಲ್ಲ.

ಪುಕ್ಕಟೆ ಅಂಕ ಕೊಡಿ ಎಂದು ನಾನು ಕೇಳುತ್ತಿಲ್ಲ. ಅಕೌಂಟೆನ್ಸಿ ನನಗೆ ಹೊಸದು, ಅದನ್ನು ಮೊದಲಿನಿಂದಲೇ ಓದಿದ್ದೇನೆ, ಓದಲೇಬೇಕಿತ್ತು. ಆದರೆ ಡಿಪ್ಲೊಮಾದಲ್ಲಿ ಈಗಾಗಲೇ ಓದಿದ ವಿಷಯಗಳಿಗೆ ಪ್ರವೇಶದ ಸಮಯದಲ್ಲೇ ಒಂದು ಪರೀಕ್ಷೆ ಬರೆಸಿ, ಪಾಸಾದವರಿಗೆ ಆ ಪತ್ರಿಕೆಯಿಂದ ವಿನಾಯಿತಿಯನ್ನೂ ಅದರ ಕ್ರೆಡಿಟ್ಟನ್ನೂ ಕೊಡಲು ವಿಶ್ವವಿದ್ಯಾಲಯಗಳಿಗೆ ಆಗುವ ಕಷ್ಟವೇನು? ಶುಲ್ಕ ಬೇಕಾದರೆ ಪೂರ್ತಿ ಪಡೆಯಲಿ. ಐಟಿಐ ಮುಗಿಸಿ ಬರುವವರಿಗೂ ಇದೇ ಕ್ರಮ ಅನ್ವಯಿಸಬೇಕು. ಜೊತೆಗೆ, ಸಂಪರ್ಕ ತರಗತಿಗಳನ್ನು ಸತತ ಹತ್ತು ದಿನ ಒಂದೇ ಊರಿನಲ್ಲಿ ಇಡುವ ಬದಲು ಜಿಲ್ಲಾ ಕೇಂದ್ರಗಳಲ್ಲಿ ಭಾನುವಾರಗಳಂದು ನಡೆಸಿದರೆ, ಹತ್ತು ದಿನದ ರಜೆಗಾಗಿ ಶಿಫ್ಟ್ ಇನ್‌ಚಾರ್ಜ್ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪುತ್ತದೆ.

ನಾನು ಈಗ ಅಂತಿಮ ವರ್ಷದಲ್ಲಿರುವುದರಿಂದ ಇದರಿಂದ ನನಗೆ ಆಗಬೇಕಾದ ಲಾಭವೇನೂ ಉಳಿದಿಲ್ಲ. ನಮ್ಮ ಶಾಪಿನಲ್ಲಿಯೇ ಇನ್ನೂ ನಾಲ್ವರು ಡಿಪ್ಲೊಮಾ ಓದಿದವರು ಮುಂದಿನ ಪ್ರವೇಶ ಪ್ರಕಟಣೆಗಾಗಿ ಕಾಯುತ್ತಿದ್ದಾರೆ. ಅಷ್ಟರೊಳಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

— ಒಬ್ಬ ಡಿಪ್ಲೊಮಾದಾರ, ಮಾಚೇನಹಳ್ಳಿ, ಶಿವಮೊಗ್ಗ ಜಿಲ್ಲೆ